ಇದ್ದಿಲ ಬಸ್ಸಿನ ಸೀಮೆಯಲ್ಲಿ ಒಂದು ಸುತ್ತು

ಹಾಸನದಿಂದ ಅರಕಲಗೂಡಿಗೆ ಸುಮಾರು 30 ಕಿ.ಮೀ. ಅಲ್ಲಿಂದ ಹೊಳೆನರಸೀಪುರ, ಚನ್ನರಾಯಪಟ್ಟಣ ಬಳಸಿ ಮತ್ತೆ ಹಾಸನ ಸೇರಿದರೆ ಒಟ್ಟು 130 ಕಿ.ಮೀ. ಆಸುಪಾಸು. ಬೆಳಗ್ಗೆ ತಿಂಡಿ ಮುಗಿಸಿ ಹೊರಟವರು ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಆದರೆ ಹಳೆ ಮೈಸೂರಿನ ರಸ್ತೆಗಳಲ್ಲಿ ಇಷ್ಟು ದೂರಕ್ಕೆ ಇಡೀ ದಿನ ಹಿಡಿಯುತ್ತಿದ್ದ ಕಾಲವೊಂದಿತ್ತು. ಅದು ಇದ್ದಿಲ ಬಸ್ಸಿನ ಕಾಲ.

1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿತು. ಅಲ್ಲಿನ ಎಣ್ಣೆ ಬಾವಿಗಳು ಶತ್ರುವಿಗೆ ದಕ್ಕಬಾರದೆಂದು ಬ್ರಿಟಿಷರು ತಾವೇ ಅವನ್ನು ಹಾಳುಗೆಡವಿ ಬಂದರು. ಮೊದಲೇ ಅಳೆದು ಕೊಡುತ್ತಿದ್ದ ಪೆಟ್ರೋಲ್ ಇನ್ನಷ್ಟು ದುರ್ಲಭವಾಯಿತು. ಹಾಸನ, ಹೊಳೆನರಸೀಪುರಗಳಿಗೆ ಮೈಸೂರು–ಅರಸೀಕೆರೆ ರೈಲಾದರೂ ಇತ್ತು. ಅರಕಲಗೂಡು, ಚನ್ನರಾಯಪಟ್ಟಣಗಳಿಗೆ ರಸ್ತೆಯೇ ಗತಿ. ಚನ್ನರಾಯಪಟ್ಟಣದ ಮೇಲೆ ಹಾದು ಬೆಂಗಳೂರು ಸೇರುವ ರೈಲು ದಾರಿ ಪೂರ್ಣಗೊಂಡದ್ದು 2017ರಲ್ಲಿ. ಅರಕಲಗೂಡು ಪೇಟೆ ರೈಲನ್ನು ಕಂಡೇ ಇಲ್ಲ. ಆಗ ಸರಕಾರಿ ಬಸ್ಸೂ ಹುಟ್ಟಿರಲಿಲ್ಲ. ಮೈಸೂರು ಸರಕಾರ 120 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆ ತೆರೆದದ್ದು 1948ರಲ್ಲಿ. ಅಲ್ಲಿಯವರೆಗೆ ಖಾಸಗಿ ಮಾಲಿಕರು ಬಸ್ಸಿನ ಹಿಂಬದಿಗೆ ಡ್ರಮ್ಮಿನಂಥ ಒಲೆಯೊಂದನ್ನು ಕಟ್ಟಿ, ಅದರೊಳಗೆ ಇದ್ದಿಲು ಸುರಿದು ಬಸ್ಸು ಓಡಿಸಿದರು.

ಹೊರಡುವ ಮೊದಲು ಕ್ಲೀನರ್ ಹುಡುಗ ಕೆಂಡಕ್ಕೆ ಗಾಳಿ ಹಾಕುವ ಚಕ್ರದ ಹಿಡಿ ತಿರುಗಿಸುತ್ತಾ ಕಾಲು ಗಂಟೆ ಬೆವರಬೇಕು. ಏರು ಬಂದರೆ ಪ್ರಯಾಣಿಕರು ಇಳಿದು ನಡೆಯುವುದು, ಕೆಲವೊಮ್ಮೆ ತಳ್ಳುವುದು. ಟಿಕೆಟ್ಟಿಗೆ ಕೊಟ್ಟ ಹಣ ಅರ್ಧ ದಾರಿಗೆ ಮಾತ್ರ ಎಂದು ನಗೆಯಾಡುವಂತಹ ಪ್ರಯಾಣ!

ಇದರ ಗುಟ್ಟು ನಮ್ಮ ಅಡುಗೆಮನೆಯಲ್ಲೇ ಇದೆ. ಸೌದೆ ಉರಿಯುವಾಗ ಕಾಣುವ ಜ್ವಾಲೆ ಮರದ್ದಲ್ಲ, ಕಾದ ಮರ ಬಿಡುವ ಅನಿಲದ್ದು. ಮುಚ್ಚಿದ ಒಲೆಯಲ್ಲಿ ಗಾಳಿಯನ್ನು ಬೇಕೆಂದೇ ಕಡಿಮೆ ಬಿಟ್ಟು, ಹೊಗೆಯನ್ನೂ ನೀರಾವಿಯನ್ನೂ ನಿಗಿನಿಗಿ ಕೆಂಡದ ಮೂಲಕ ಎಳೆದರೆ ಅವು ಜಲಜನಕ, ಕಾರ್ಬನ್ ಮೊನಾಕ್ಸೈಡ್ ಎಂಬ ಉರಿಯುವ ಅನಿಲಗಳಾಗುತ್ತವೆ. ತಣಿಸಿ, ಸೋಸಿ, ಗಾಳಿ ಬೆರೆಸಿ ಕೊಟ್ಟರೆ ಪೆಟ್ರೋಲ್ ಎಂಜಿನ್ ಓಡುತ್ತದೆ. ಆದರೆ ಈ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಉರಿಯದ ಸಾರಜನಕ. ಏರಿನಲ್ಲಿ ಬಸ್ಸು ಏದುಸಿರು ಬಿಟ್ಟದ್ದು ಅದಕ್ಕೇ. ಡೀಸೆಲ್ ಎಂಜಿನ್ನಾದರೆ ಕಿಡಿ ಹೊತ್ತಲು ಸ್ವಲ್ಪ ಡೀಸೆಲ್ ಬೇಕೇ ಬೇಕು.

ಇದು ಬಡದೇಶಗಳ ಉಪಾಯ ಮಾತ್ರವಾಗಿರಲಿಲ್ಲ. ಫ್ರಾನ್ಸಿನ ಜಾರ್ಜ್ ಇಂಬರ್ಟ್ 1920ರ ದಶಕದಲ್ಲಿ ರೂಪಿಸಿದ ಸೌದೆ ಅನಿಲದ ಒಲೆ ಯುದ್ಧಕಾಲದ ಯುರೋಪಿನಲ್ಲಿ ಲಕ್ಷಾಂತರ ವಾಹನಗಳನ್ನು ಓಡಿಸಿತು. ಅಲ್ಲಿ ಹೆಚ್ಚಾಗಿ ಒಣ ಸೌದೆಯ ತುಂಡು, ನಮ್ಮಲ್ಲಿ ಇದ್ದಿಲು. ಇದ್ದಿಲಿನಲ್ಲಿ ಎಂಜಿನ್ನಿಗೆ ಮೆತ್ತಿಕೊಳ್ಳುವ ಟಾರು ಕಡಿಮೆ, ಒಲೆಯೂ ಸರಳ.

ಈ ಸರಳತೆಗೆ ಬೆಲೆ ತೆತ್ತದ್ದು ಕಾಡು. ನಮ್ಮ ನಾಲ್ಕೂರಿನ ಸುತ್ತನ್ನೇ ತೆಗೆದುಕೊಳ್ಳಿ. ಲೀಟರಿಗೆ ನಾಲ್ಕು ಕಿ.ಮೀ. ಓಡುವ ಹಳೆಯ ಪೆಟ್ರೋಲ್ ಲಾರಿಗೆ 33 ಲೀಟರ್ ಬೇಕು. ಲೀಟರಿನ ಬದಲಿಗೆ ಸುಮಾರು ಮೂರು ಕೆ.ಜಿ. ಒಣ ಸೌದೆ ಎಂದರೆ ಹತ್ತಿರ ಹತ್ತಿರ ಒಂದು ಕ್ವಿಂಟಲ್. ಇದ್ದಿಲಾದರೆ 50 ಕೆ.ಜಿ. ಸಾಕು, ಹಗುರವೆನಿಸುತ್ತದೆ. ಆದರೆ ಮಣ್ಣು ಮುಚ್ಚಿ ಸುಡುವ ಗುಮ್ಮಿಯಲ್ಲಿ ಒಂದು ಕೆ.ಜಿ. ಇದ್ದಿಲಿಗೆ ಐದು ಕೆ.ಜಿ. ಸೌದೆ ಹೋಗುತ್ತದೆ. ಅಲ್ಲಿಗೆ ಎರಡೂವರೆ ಕ್ವಿಂಟಲ್ ಮರ, ಒಂದು ಲಾರಿಗೆ, ಒಂದೇ ಸುತ್ತಿಗೆ! ಮನೆಯಲ್ಲೇ ಡ್ರಮ್ಮು ಬೆಸೆದು ಲಾರಿ ಓಡಿಸುವ ಉತ್ಸಾಹಿಗಳು ಇಂದಿಗೂ ಹಲವು ದೇಶಗಳಲ್ಲಿದ್ದಾರೆ. ಸೌದೆ ಪುಕ್ಕಟೆ ಎಂಬಂತೆ ಅವರು ಮಾತಾಡುವಾಗ ನನಗೆ ಈ ಲೆಕ್ಕವೇ ನೆನಪಾಗುತ್ತದೆ.

ಅರಕಲಗೂಡು ಸೀಮೆಯಲ್ಲಿ ಆ ಸೌದೆಗೆ ಬೇರೆ ಗಿರಾಕಿ ಇದ್ದಾನೆ. ರಾಮನಾಥಪುರದ ಕಡೆ ಹೋದರೆ ಹೊಲಗಳ ನಡುವೆ ಎತ್ತರದ ಬ್ಯಾರನ್‌ಗಳು ಕಾಣುತ್ತವೆ. ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಹದಮಾಡುವ ಮನೆಗಳವು. ಸೌದೆ ಉರಿಸುವಲ್ಲಿ ಒಂದು ಕೆ.ಜಿ. ಎಲೆ ಹದವಾಗಲು ನಾಲ್ಕೈದು ಕೆ.ಜಿ. ಬೇಕು. ಸೇದಿ ಬೂದಿಮಾಡುವ ಸೊಪ್ಪಿಗೆ ಇಷ್ಟು ಮರ ಕೊಡುವ ನಾವು, ಅಕ್ಕಿ ಮೂಟೆ ಹೊತ್ತ ಇದ್ದಿಲ ಲಾರಿಯನ್ನು ಕಂಡು ನಗುವಂತಿಲ್ಲ.

ಹೇಮಾವತಿ ದಾಟಿ ಹೊಳೆನರಸೀಪುರ ಬಿಟ್ಟು ಚನ್ನರಾಯಪಟ್ಟಣದತ್ತ ಹೊರಳಿದರೆ ತೆಂಗಿನ ಸೀಮೆ. ಕೊಬ್ಬರಿ ತೆಗೆದ ಚಿಪ್ಪು ಅನಿಲದ ಒಲೆಗೆ ಒಳ್ಳೆಯ ಉರುವಲು: ಗಟ್ಟಿ, ಬೂದಿ ಕಡಿಮೆ, ಅದಕ್ಕಾಗಿ ಯಾವ ಮರವನ್ನೂ ಕಡಿಯಬೇಕಿಲ್ಲ.

ಇಲ್ಲಿ ಮನೆಮಂದಿಗೆ ಒಂದು ಮಾತು ಹೇಳಲೇಬೇಕು. ಬಸ್ಸು ಓಡಿಸಿದ ಆ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಪರು, ಆಮೇಲೆ ಏಳದ ನಿದ್ದೆ. ಚಳಿಗೆಂದು ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹಾಕಿ, ಬಾಗಿಲು ಕಿಟಕಿ ಮುಚ್ಚಿ ಮಕ್ಕಳೊಂದಿಗೆ ಮಲಗಿದ ಕುಟುಂಬಗಳು ಬೆಳಗ್ಗೆ ಏಳದಿರುವ ಸುದ್ದಿ ಈಗಲೂ ಬರುತ್ತದೆ. ಹೊಗೆ ಕಾಣದ ಕೆಂಡ ನಿರಪಾಯಕಾರಿ ಎಂದು ಭಾವಿಸಬೇಡಿ. ಮಲಗುವ ಕೋಣೆಯಲ್ಲಿ ಅದು ಬೇಡವೇ ಬೇಡ.

ಚನ್ನರಾಯಪಟ್ಟಣದಿಂದ ಬೆಂಗಳೂರು ಹೆದ್ದಾರಿ ಹಿಡಿದು ಮುಂದೆ ಹೋದರೆ ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕು. ಅಲ್ಲಿ ಹೊಸಹಳ್ಳಿ ಎಂಬ ಪುಟ್ಟ ಊರಿದೆ. ವಿದ್ಯುತ್ ಕಂಬವೇ ಬಾರದಿದ್ದ ಆ ಊರಿನಲ್ಲಿ 1988ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಸೌದೆ ಅನಿಲದ ಎಂಜಿನ್ ಕೂರಿಸಿದರು. ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕೆಂದು ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಆ ಸಂಸ್ಥೆಯಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರದ ಕೆಲಸವಿದು. ಮೊದಲ ಯಂತ್ರ ನಾಲ್ಕು ಕಿಲೋವಾಟ್‌ಗೂ ಕಡಿಮೆ, ಮುಂದೆ 20 ಕಿಲೋವಾಟ್. ಅದು ಒಂದು ದಶಕಕ್ಕೂ ಮೀರಿ ಮನೆಗಳಿಗೆ ದೀಪ ಕೊಟ್ಟಿತು, ಕುಡಿಯುವ ನೀರೆತ್ತಿತು, ಹಿಟ್ಟಿನ ಗಿರಣಿ ತಿರುಗಿಸಿತು.

ಇದ್ದಿಲ ಬಸ್ಸಿಗೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಬೇಕು. ಇಲ್ಲಿ ಎಂಜಿನ್ ನಿಂತಲ್ಲೇ ನಿಲ್ಲುತ್ತದೆ, ತನ್ನ ಉರುವಲನ್ನು ತಾನೇ ಹೊತ್ತು ಏರು ಹತ್ತಬೇಕಿಲ್ಲ. ಸೌದೆಗೆಂದೇ ಊರಿನ ಪಕ್ಕ ಮರ ನೆಟ್ಟು ತೋಪು ಬೆಳೆಸಿದರು. ತುಂಡು ಮಾಡಿ, ಒಣಗಿಸಿ, ಒಲೆಗೆ ತುಂಬಿ ಎಂಜಿನ್ ನೋಡಿಕೊಳ್ಳುವುದನ್ನು ಊರಿನ ಯುವಕರಿಗೇ ಕಲಿಸಿದರು. ನೀರು ಸೇದಿ ಹೊತ್ತು ತರುತ್ತಿದ್ದ ಹೆಂಗಸರಿಗೆ ಮನೆಯ ಹತ್ತಿರವೇ ನಲ್ಲಿ ಬಂತು.