ಹೆಗಲ ಮೇಲಣ ಆಕಾಶವಾಣಿ
ಹುಣಸೂರು ಸೀಮೆಯ ವೀರನಹೊಸಹಳ್ಳಿಯು ನಾಗರಹೊಳೆ ಅರಣ್ಯದ ಒಂದು ಬಾಗಿಲು. ಅಪ್ಪಣೆಯಿಲ್ಲದೆ ಒಳಹೋಗಲಾಗದು; ನಾವು ಊರಂಚಿನ ಮಿತ್ರರ ಹೊಲದಲ್ಲಿಯೇ ಬೀಡುಬಿಟ್ಟೆವು. ಮೊಬೈಲು ಮೂಕವಾಗಿದ್ದಿತು. ಹೆಗಲಚೀಲದಲ್ಲಿ 5 ವ್ಯಾಟಿನ ಹ್ಯಾಮ್ ರೇಡಿಯೋ, ಬ್ಯಾಟರಿ, ತಂತಿ, ಹುರಿ, ಸರ್ಕಾರದ ಪರವಾನಗಿ ಇಷ್ಟೇ. 1935ರಲ್ಲಿ ಮೈಸೂರಿನ ಪ್ರೊಫೆಸರ್ ಗೋಪಾಲಸ್ವಾಮಿಗಳು ಮನೆಯಿಂದಲೇ ಆಕಾಶವಾಣಿಯನ್ನು ನುಡಿಸಿದುದು 30 ವ್ಯಾಟಿನಿಂದ. ನಮ್ಮದೇನೂ ತೀರ ಬಡತನವಲ್ಲ!

ಹೊರೆಯನ್ನು ಪೆಟ್ಟಿಗೆಯಲ್ಲಿ ಇಳಿಸಬಹುದು, ತಂತಿಯಲ್ಲಿ ಇಳಿಸಬಾರದು. 40 ಮೀಟರಿನ ಅಲೆಗೆ ಸುಮಾರು 20 ಮೀಟರು ತಂತಿ ಬೇಕೇ ಬೇಕು. ಅದನ್ನು ಹುಣಿಸೆಯ ಕೊಂಬೆಗೆ ತಗ್ಗಾಗಿಯೇ ಕಟ್ಟಿದೆವು. ಅಲೆಯು ನೆಟ್ಟಗೆ ಮೇಲೇರಿ, ಅಯಾನುಮಂಡಲವನ್ನು ತಾಗಿ, ಕಾಡುಗುಡ್ಡಗಳಾಚೆ ಮಳೆಯಂತೆ ಇಳಿಯುವುದು. ಬೆಳಗಿನ ಹತ್ತು ಗಂಟೆಗೆ ಬೆಂಗಳೂರಿನ ದನಿಯೊಂದು ಉತ್ತರವಿತ್ತಿತು.

ಹೊಲದ ಕಾವಲಿನವನು, “ಮೇಷ್ಟ್ರೇ, ರಾತ್ರಿ ಆನೆ ಬಂದರೆ ಇದರಲ್ಲಿ ಕೂಗಬಹುದೆ?” ಎಂದನು. ಕೂಗಬಹುದು, ಆ ಹೊತ್ತಿನಲ್ಲಿ ಕೇಳುವವರೊಬ್ಬರು ಎದ್ದು ಕುಳಿತಿರಬೇಕು, ಎಂದೆವು.