ಹುಬ್ಬಳ್ಳಿ–ಕುಂದಗೋಳ, ಒಂದು ರಿಟರ್ನ್ ಟಿಕೆಟ್

ಡಿಸೆಂಬರ್ ಕೊನೆಯ ವಾರ ನಮ್ಮ ಆಫೀಸಿನಲ್ಲಿ ಒಂದೇ ದಿನ ಎರಡು ಸಂಗತಿ ನಡೆದವು. ಬೆಳಿಗ್ಗೆ ‘ಪಾಸಿಟಿವ್ ಮೈಂಡ್‌ಸೆಟ್’ ಬಗ್ಗೆ ಎರಡು ತಾಸಿನ ಕಾರ್ಯಾಗಾರ. ಹಳದಿ ಚೀಟಿ ಮೇಲೆ ‘ನಾನು ಮಾಡಬಲ್ಲೆ’ ಅಂತ ಬರೆದು ಎಲ್ಲರೂ ತಂತಮ್ಮ ಮಾನಿಟರಿಗೆ ಅಂಟಿಸಿಕೊಂಡೆವು. ಮಧ್ಯಾಹ್ನ ನನ್ನ ಅಪ್ರೈಸಲ್. ಸತತ ಎರಡನೇ ವರ್ಷ ಪ್ರಮೋಶನ್ ಇಲ್ಲ. ಕೆಲಸದ ಬಗ್ಗೆ ದೂರಿಲ್ಲವಂತೆ, ಆದರೆ ಕ್ಲೈಂಟ್ ಎದುರು ನನ್ನ ಮಾತು ಸಾಲದಂತೆ. ‘ದನಿ ಸ್ವಲ್ಪ ಒರಟು, ಉತ್ತರ ಕರ್ನಾಟಕದ ಆ್ಯಕ್ಸೆಂಟ್ ಬೇರೆ’ ಅಂತ ನಗುತ್ತಲೇ ಹೇಳಿದರು. ನಾನೂ ನಕ್ಕೆ. ಸೀಟಿಗೆ ಬಂದು ಕೂತಾಗ ಎದುರಿಗೆ ಆ ಹಳದಿ ಚೀಟಿ ಇತ್ತು. ಕಿತ್ತು ಬುಟ್ಟಿಗೆ ಹಾಕಿದೆ.

ನನ್ನ ದನಿ ದಪ್ಪ, ಸುಳ್ಳಲ್ಲ. ಪಾರ್ಸೆಲ್ ತರುವ ಹುಡುಗರು ಫೋನಿನಲ್ಲಿ ‘ಸರ್, ಲೊಕೇಶನ್ ಕಳ್ಸಿ’ ಅನ್ನುತ್ತಾರೆ. ತಿದ್ದುವುದನ್ನು ಬಿಟ್ಟು ವರ್ಷಗಳಾದವು. ಆದರೆ ಒಂಬತ್ತು ವರ್ಷದ ದುಡಿಮೆಯ ಲೆಕ್ಕದಲ್ಲಿ ಅದು ಬಂದಾಗ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಯಿತು. ರಾಜೀನಾಮೆಯ ಮೇಲ್ ಬರೆದು ಡ್ರಾಫ್ಟಿನಲ್ಲಿಟ್ಟು, ಜನವರಿಯಲ್ಲಿ ನಾಲ್ಕು ದಿನ ರಜೆ ಹಾಕಿ ಹುಬ್ಬಳ್ಳಿಗೆ ಬಂದೆ.

ಅವ್ವ ಎಲ್ಲ ಕೇಳಿಸಿಕೊಂಡಳು. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ‘ನಮ್ಮ ಗಂಗೂಬಾಯಾರ ದನಿ ಏನ್ ಕೋಗಿಲೆ ದನಿ ಇತ್ತೇನ?’ ಅಂದಳು. ಅಷ್ಟೇ. ಮುಂದೆ ಶೇಂಗಾ ಹಿಂಡಿ ಸಾಲದಾಯಿತು ಅಂತ ಬೇರೆ ಮಾತಿಗೆ ಹೋದಳು. ಮರುದಿನ ಮಧ್ಯಾಹ್ನ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಸ್ಟೇಷನ್ನಿಗೆ ಹೋಗಿ ಕುಂದಗೋಳಕ್ಕೆ ಟಿಕೆಟ್ ತೆಗೆದೆ.

ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ ಈಗ ಜಗತ್ತಿನಲ್ಲೇ ಅತಿ ಉದ್ದದ್ದು, 1,507 ಮೀಟರ್. ನಡೆದು ಮುಗಿಯುವುದಿಲ್ಲ. ಆದರೆ ಪ್ಯಾಸೆಂಜರ್ ಗಾಡಿಯ ಜನ ಮಾತ್ರ ಹಳಬರೇ. ಎದುರಿಗೆ ಕೂತಿದ್ದವರು ಒಬ್ಬ ಶಾಲಾ ಶಿಕ್ಷಕಿ. ಊರು ಕುಂದಗೋಳ, ಹುಬ್ಬಳ್ಳಿಯಲ್ಲಿ ಏನೋ ತರಬೇತಿ ಮುಗಿಸಿ ವಾಪಸು ಹೊರಟಿದ್ದರು. ಸಂಜೆ ಮತ್ತೆ ಹುಬ್ಬಳ್ಳಿಗೆ ಬರಬೇಕಂತೆ, ತಂಗಿಯ ಮನೆಯಲ್ಲಿ ಕಾರ್ಯಕ್ರಮ. ‘ಹದಿನೇಳು ವರ್ಸ ಆತ್ರಿ, ಈ ಗಾಡಿ ಒಳಗ ಅಪ್–ಡೌನ್ ಮಾಡಾಕತ್ತು’ ಅಂದರು. ಬೇಸರ ಆಗುವುದಿಲ್ಲವೇ ಅಂತ ಕೇಳಿದೆ. ‘ಆಗ್ತೈತ್ರಿ. ಆದ್ರೂ ಗಾಡಿ ಬರ್ತೈತಿ, ಹತ್ತತೀವಿ’ ಅಂದು ಚೀಲದಿಂದ ಸುಲಗಾಯಿ ತೆಗೆದು ನನ್ನ ಕೈಗೂ ಒಂದು ಹಿಡಿ ಹಾಕಿದರು.

ಹೊರಗೆ ಎರೆ ಹೊಲ. ಈ ಮಣ್ಣಿನ ಗುಣ ಗೊತ್ತಿದ್ದವರಿಗೆ ಗೊತ್ತು. ಮಳೆಗಾಲದಲ್ಲಿ ಚಪ್ಪಲಿ ಕಿತ್ತುಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಆದರೆ ಮುಂಗಾರಿನ ನೀರನ್ನು ಒಳಗೇ ಹಿಡಿದಿಟ್ಟುಕೊಂಡು ಚಳಿಗಾಲದಲ್ಲಿ ಮಳೆಯಿಲ್ಲದೆ ಜೋಳ, ಕಡಲೆ, ಕುಸುಬೆ ಬೆಳೆದು ಕೊಡುತ್ತದೆ. ಅಲ್ಲಲ್ಲಿ ಕಣದಲ್ಲಿ ಬ್ಯಾಡಗಿ ಮೆಣಸಿನಕಾಯಿ ಒಣಹಾಕಿದ್ದರು. ಕಪ್ಪು ನೆಲದ ಮೇಲೆ ಆ ಕೆಂಪು ಫೋಟೊದಲ್ಲಿ ಬರುವುದಿಲ್ಲ, ನಾನು ನಾಲ್ಕು ಸಲ ನೋಡಿದೆ. ಅಷ್ಟರಲ್ಲಿ ಕುಂದಗೋಳ ಬಂತು. ಹುಬ್ಬಳ್ಳಿಯಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸು, ಅಷ್ಟೇ ದೂರ.

ಈ ಅಷ್ಟೇ ದೂರವನ್ನು 1930ರ ದಶಕದ ಕೊನೆಗೆ ಗಂಗೂಬಾಯಿ ಹಾನಗಲ್ಲರು ಸುಮಾರು ಮೂರು ವರ್ಷ ಹೋಗಿ ಬಂದರು. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ, ಗುರುಗಳ ಮನೆಯಲ್ಲಿ ಪಾಠ, ರಾತ್ರಿ ವಾಪಸು. ಈ ಕತೆ ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು. ನಾನೂ ಶಾಲೆಯಲ್ಲಿ ಭಾಷಣ ಮಾಡಿ ಸ್ಟೀಲ್ ಡಬ್ಬಿ ಗೆದ್ದಿದ್ದೆ. ಆದರೆ ಒಂದು ವಿಷಯ ಆಗ ತಲೆಗೆ ಹೋಗಿರಲಿಲ್ಲ. ಆ ರೈಲು ಹತ್ತುವಾಗ ಅವರು ಹೊಸಬರಲ್ಲ. 1913ರಲ್ಲಿ ಹುಟ್ಟಿದವರು, ಹದಿನಾರಕ್ಕೆ ಮದುವೆಯಾಗಿ ಮಕ್ಕಳ ತಾಯಿ. ಗ್ರಾಮಫೋನ್ ರೆಕಾರ್ಡ್ ಬಂದಿದ್ದವು, ಹೆಸರು ಬಂದಿತ್ತು. ಇಷ್ಟಾದ ಮೇಲೆ ಒಬ್ಬರು ಮತ್ತೆ ಸಾ ದಿಂದ ಶುರು ಮಾಡಲು ರೈಲು ಹತ್ತುತ್ತಾರೆ! ಒಂಬತ್ತು ವರ್ಷದ ಅನುಭವ ಇಟ್ಟುಕೊಂಡು ‘ಟ್ರೇನಿಂಗಿಗೆ ಹೋಗು’ ಅಂದರೆ ಮುಖ ಊದಿಸಿಕೊಳ್ಳುವ ನನಗೆ ಇದು ಸುಲಭಕ್ಕೆ ನುಂಗುವ ಮಾತಲ್ಲ.

ದನಿಯ ಕತೆ ಇನ್ನೊಂದು. ಚಿಕ್ಕ ವಯಸ್ಸಿನ ಅವರ ರೆಕಾರ್ಡ್ ಕೇಳಿದರೆ ತೆಳ್ಳಗಿನ, ಎತ್ತರದ ದನಿ. ಟಾನ್ಸಿಲ್ ತೊಂದರೆಗೆ ಚಿಕಿತ್ಸೆಯಾದ ಮೇಲೆ ಅದು ಇಳಿದು, ಗಡಸಾಗಿ, ಗಂಡು ದನಿಯಂತಾಯಿತು. ಹಾಡುವುದೇ ಬದುಕಾಗಿದ್ದ ಹೆಂಗಸಿಗೆ ಇದು ಏನು ಅಂತ ಯೋಚಿಸಿ. ಹಳೆಯ ದನಿಗಾಗಿ ಅವರು ಎಷ್ಟು ಅತ್ತರೋ, ನನಗೆ ಗೊತ್ತಿಲ್ಲದ್ದನ್ನು ಕಟ್ಟಿ ಹೇಳಲಾರೆ. ಕಿವಿಗೆ ಕೇಳುವುದು ಮಾತ್ರ ಹೇಳುತ್ತೇನೆ. ನಂತರದ ರೆಕಾರ್ಡಿಂಗುಗಳಲ್ಲಿ ಅವರು ಆ ಹೊಸ ದನಿಯನ್ನು ತೆಳ್ಳಗೆ ಮಾಡಲು ಹೋಗುವುದಿಲ್ಲ. ಅದರ ತೂಕವನ್ನೇ ಹಿಡಿದು ರಾಗ ಕಟ್ಟುತ್ತಾರೆ.

ಸ್ಟೇಷನ್ನಿನಿಂದ ಊರೊಳಗೆ ನಡೆದೆ. ಹಿಂದೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಊರಿದು. ಚಾಲುಕ್ಯರ ಕಾಲದ ಶಂಭುಲಿಂಗನ ಗುಡಿ ಇದೆ, ಚಂದದ ಕಲ್ಲಿನ ಕೆಲಸ. ಅದನ್ನು ಇನ್ನೊಂದು ಸಲ ಸಾವಕಾಶ ನೋಡಬೇಕು. ನನಗೆ ನಾಡಿಗೇರ ವಾಡೆ ನೋಡಬೇಕಿತ್ತು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮೈಸೂರಿಗೆ ಹೋಗಿಬರುವ ದಾರಿಯಲ್ಲಿ ಇಲ್ಲಿ ಇಳಿದುಕೊಳ್ಳುತ್ತಿದ್ದರು. ಅವರ ಹಾಡು ಕೇಳಿ ಹುಚ್ಚು ಹಿಡಿಸಿಕೊಂಡ ಹುಡುಗ ರಾಮಭಾವು, 1886ರಲ್ಲಿ ಹುಟ್ಟಿದವರು, ಈ ವಾಡೆಯಲ್ಲಿ ಲೆಕ್ಕಪತ್ರ ನೋಡುತ್ತಿದ್ದವರ ಮಗ. ಕಲಿಸಬೇಕಾದರೆ ಎಂಟು ವರ್ಷ ನನ್ನ ಜೊತೆ ಇರಬೇಕು ಅಂತ ಖಾನರು ಷರತ್ತು ಹಾಕಿದರಂತೆ. ಹುಡುಗ ಒಪ್ಪಿದ. ಮುಂದೆ ಪ್ರಾಯಕ್ಕೆ ಬಂದಾಗ ಅವರ ದನಿಯೂ ಒಡೆದು ಹಾಳಾಯಿತು. ರಿಯಾಜಿನಿಂದ ಅದನ್ನು ತಿದ್ದಿಕೊಂಡರು ಅನ್ನುತ್ತಾರೆ. ಮರಾಠಿ ರಂಗಭೂಮಿಯಲ್ಲಿ ಸ್ತ್ರೀ ಪಾತ್ರ ಮಾಡಿ ಹೆಸರಾದರು. ಬಾಲಗಂಧರ್ವರಿಗೆ ಒಂದು ತೂಕ ಅಂದರೆ ಇವರಿಗೆ ಒಂದೂಕಾಲು ಅನ್ನುವ ಹಾಗೆ ‘ಸವಾಯಿ ಗಂಧರ್ವ’ ಅಂತ ಬಿರುದು ಬಂತು. ಗಂಗೂಬಾಯಿ ಹುಡುಕಿಕೊಂಡು ಬಂದದ್ದು ಇವರನ್ನು.

ವಾಡೆಯ ಬಾಗಿಲ ಬಳಿ ನಿಂತೆ. ಒಳಗೆ ಹೋಗಲು ಸಂಕೋಚ. ಇದು ಮ್ಯೂಸಿಯಂ ಅಲ್ಲ. ಪಕ್ಕದ ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಒಬ್ಬರು ಕೇಳಿದರು, ‘ಯಾರ ಮನಿ ಬೇಕಾಗಿತ್ತವಾ?’ ನೋಡಲು ಬಂದೆ ಅಂದೆ. ‘ಸಂಗೀತ ಕಲಿತೀ ಏನು?’ ಇಲ್ಲ ಅಂದೆ, ಕಂಪ್ಯೂಟರ್ ಕೆಲಸ. ಅವರಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು. ವರ್ಷಕ್ಕೊಮ್ಮೆ ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತೋತ್ಸವ ನಡೆಯುತ್ತದಲ್ಲ, ಅದರ ಸುದ್ದಿ ತೆಗೆದರು. ‘ಬೆಳತನಕ ಕುಂದರತಿದ್ವಿ. ತಿಳೀತಿತ್ತು ಅಂತಲ್ಲ. ಎದ್ದು ಹೋಗಾಕ ಮನಸ್ಸು ಬರ್ತಿರಲಿಲ್ಲ.’ ಗಂಗೂಬಾಯಿ, ಭೀಮಸೇನ ಜೋಶಿ ಇಬ್ಬರನ್ನೂ ಕೇಳಿದ್ದಾರಂತೆ. ಯಾರು ಹೆಚ್ಚು ಅಂತ ನಾನು ಕೇಳಬಾರದಿತ್ತು, ಕೇಳಿದೆ. ಅಜ್ಜ ನನ್ನನ್ನು ನೋಡಿ, ‘ಜ್ವಾಳ ಹೆಚ್ಚೋ ಕಡ್ಲಿ ಹೆಚ್ಚೋ?’ ಅಂದರು.

ಗುರುಗಳು ಕಲಿಸುತ್ತಿದ್ದ ರೀತಿಯ ಬಗ್ಗೆ ಗಂಗೂಬಾಯಿ ಹಲವು ಕಡೆ ಹೇಳಿಕೊಂಡಿದ್ದಾರೆ. ಒಮ್ಮೆಗೆ ಸ್ವಲ್ಪವೇ ಹೇಳಿಕೊಡುತ್ತಿದ್ದರು. ಒಂದೇ ಪಲಟಾ, ಅದನ್ನೇ ತಾಸುಗಟ್ಟಲೆ, ದಿನಗಟ್ಟಲೆ. ಜುಗ್ಗ ದುಡ್ಡು ಖರ್ಚು ಮಾಡಿದ ಹಾಗೆ ಸ್ವರ ಖರ್ಚು ಮಾಡಬೇಕು, ಮುಂದೇನು ಬರುತ್ತದೋ ಅಂತ ಕೇಳುವವರು ಕಾಯಬೇಕು ಅನ್ನುವುದು ಆ ಪಾಠದ ತಿರುಳು. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಡ್ವೆಕ್ 2006ರಲ್ಲಿ ‘ಮೈಂಡ್‌ಸೆಟ್’ ಅಂತ ಪುಸ್ತಕ ಬರೆದರು. ನಮ್ಮ ಕಾರ್ಯಾಗಾರದ ಸ್ಲೈಡುಗಳೆಲ್ಲ ಅದರಿಂದಲೇ ಬಂದವು. ಸಾಮರ್ಥ್ಯ ಹುಟ್ಟಿನಿಂದ ಗೊತ್ತುಮಾಡಿ ಇಟ್ಟದ್ದಲ್ಲ, ದುಡಿದರೆ ಬೆಳೆಯುತ್ತದೆ ಅನ್ನುವುದು ಅವರ ಮಾತು. ಒಳ್ಳೆಯ ಮಾತೇ. ಆದರೆ ಪುಸ್ತಕದಿಂದ ಹಳದಿ ಚೀಟಿಗೆ ಇಳಿಯುವಷ್ಟರಲ್ಲಿ ದುಡಿಮೆ ಉದುರಿಹೋಗಿ ನಗುಮುಖ ಮಾತ್ರ ಉಳಿದಿತ್ತು.

ಇನ್ನೂ ಒಂದನ್ನು ಆ ಚೀಟಿ ಬಿಡುತ್ತದೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಎದುರು ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಗಂಗೂಬಾಯಿಯೂ ಒಬ್ಬರು. ಹಾಡಿಗಿಂತ ಅವರಿಗೆ ಇದ್ದ ಹೆದರಿಕೆ ಬೇರೆ: ಊಟವಾದ ಮೇಲೆ ಜಾತಿ ನೋಡಿ ತನ್ನಿಂದ ಎಲೆ ಎತ್ತಿಸುತ್ತಾರೇನೋ ಅಂತ. ‘ಹಾಡುವವಳು’ ಅಂತ ಧಾರವಾಡದ ಓಣಿಯಲ್ಲಿ ಜನ ಆಡಿಕೊಂಡದ್ದನ್ನು ಅವರು ಮರೆಯಲಿಲ್ಲ, ಮರೆತ ಹಾಗೆ ನಟಿಸಲೂ ಇಲ್ಲ. ಗಂಡಸು ಚೆನ್ನಾಗಿ ಹಾಡಿದರೆ ಉಸ್ತಾದನೋ ಪಂಡಿತನೋ ಆಗುತ್ತಾನೆ, ಹೆಂಗಸು ಎಷ್ಟು ಹಾಡಿದರೂ ‘ಬಾಯಿ’ ಆಗೇ ಉಳಿಯುತ್ತಾಳೆ ಅನ್ನುವುದನ್ನು ಪದ್ಮಭೂಷಣ (1971), ಪದ್ಮವಿಭೂಷಣ (2002) ಬಂದರೂ ಹೇಳುವುದು ಬಿಡಲಿಲ್ಲ. ಅವರ ತಾಯಿ ಅಂಬಾಬಾಯಿ ಒಳ್ಳೆಯ ಕರ್ನಾಟಕ ಸಂಗೀತಗಾರ್ತಿ. ಮಗಳ ಹಿಂದೂಸ್ತಾನಿ ಕಲಿಕೆಗೆ ತನ್ನ ಹಾಡು ಅಡ್ಡಬರಬಾರದೆಂದು ಹಾಡುವುದನ್ನೇ ನಿಲ್ಲಿಸಿದರು. ಇದನ್ನು ಓದಿದಾಗಲೆಲ್ಲ ನನಗೆ ಮೆಚ್ಚುಗೆಗಿಂತ ಸಂಕಟವೇ ಹೆಚ್ಚು. ಹಾಗಾಗಿ ‘ಮನಸ್ಸಿದ್ದರೆ ಮಾರ್ಗ’ ಅಂತ ಯಾರಾದರೂ ಇವರ ಫೋಟೊ ಹಾಕಿ ಸ್ಟೇಟಸ್ ಇಟ್ಟರೆ ನನಗೆ ಸಿಟ್ಟು ಬರುತ್ತದೆ. ಮಾರ್ಗಕ್ಕೆ ಬೇರೆಯವರೂ ಬೆಲೆ ಕೊಟ್ಟಿರುತ್ತಾರೆ.

ಸಂಜೆಯಾಗುತ್ತಿತ್ತು. ಬಸ್ ಸ್ಟ್ಯಾಂಡ್ ಹತ್ತಿರ ಗಿರ್ಮಿಟ್ ತಿಂದು, ಮಿರ್ಚಿ ಕಟ್ಟಿಸಿಕೊಂಡು ಸ್ಟೇಷನ್ ದಾರಿ ಹಿಡಿದೆ. ಇದೇ ದಾರಿಯಲ್ಲಿ ಪಾಠ ಮುಗಿಸಿದ ಗಂಗೂಬಾಯಿಯನ್ನು ಸ್ಟೇಷನ್ನಿಗೆ ಬಿಡಲು ಒಬ್ಬ ಹುಡುಗ ಬರುತ್ತಿದ್ದ. ಗದಗಿನಿಂದ ಹನ್ನೊಂದನೇ ವಯಸ್ಸಿಗೆ ಮನೆ ಬಿಟ್ಟು, ಗುರುವನ್ನು ಹುಡುಕಿ ಗ್ವಾಲಿಯರ್, ಜಲಂಧರ್ ವರೆಗೆ ಅಲೆದವನು. ಅಲ್ಲಿ ವಿನಾಯಕರಾವ್ ಪಟವರ್ಧನರು, ನಿಮ್ಮೂರ ಪಕ್ಕದಲ್ಲೇ ಸವಾಯಿ ಗಂಧರ್ವರಿದ್ದಾರಲ್ಲ, ಇಷ್ಟು ದೂರ ಯಾಕೆ ಬಂದೆ ಅಂತ ಕೇಳಿದರಂತೆ. ವಾಪಸು ಬಂದು, ಗುರುಗಳ ಮನೆಗೆ ನೀರು ಹೊತ್ತುಕೊಂಡು ಕಲಿಯುತ್ತಿದ್ದ. ಸ್ಟೇಷನ್ ದಾರಿಯಲ್ಲಿ, ಅಕ್ಕಾ, ಇವತ್ತು ಏನು ಹೇಳಿಕೊಟ್ಟರು ಅಂತ ಕೇಳಿ ಹಾಡಿಸಿಕೊಳ್ಳುತ್ತಿದ್ದನಂತೆ. ಆ ಹುಡುಗ ಭೀಮಸೇನ ಜೋಶಿ. ಮುಂದೆ ಭಾರತರತ್ನ. ಆವತ್ತು ಮಾತ್ರ ಇನ್ನೊಬ್ಬರ ಪಾಠದ ಚೂರಿಗಾಗಿ ಸ್ಟೇಷನ್ ತನಕ ನಡೆಯುತ್ತಿದ್ದ ಹುಡುಗ.

ಗಾಡಿ ನಲವತ್ತು ನಿಮಿಷ ತಡ. ಬೆಂಚಿನ ಮೇಲೆ ಕೂತು ಫೋನ್ ತೆಗೆದೆ. ರಾಜೀನಾಮೆ ಡ್ರಾಫ್ಟ್ ಹಾಗೇ ಇತ್ತು. ನಮ್ಮ ಕ್ಲೈಂಟ್ ಕಾಲ್‌ಗಳೆಲ್ಲ ರೆಕಾರ್ಡ್ ಆಗುತ್ತವೆ. ಇಷ್ಟು ವರ್ಷದಲ್ಲಿ ಒಂದನ್ನೂ ನಾನು ಮತ್ತೆ ಕೇಳಿರಲಿಲ್ಲ. ಯಾರು ತಮ್ಮ ದನಿ ತಾವು ಕೇಳುತ್ತಾರೆ? ಸಿಗ್ನಲ್ ಬಂದು ಹೋಗಿ ಮಾಡುತ್ತಿತ್ತು. ನವೆಂಬರಿನ ಒಂದು ಕಾಲ್ ಹೇಗೋ ಡೌನ್‌ಲೋಡ್ ಆಯಿತು. ಇಯರ್‌ಫೋನ್ ಹಾಕಿ ನನ್ನ ಪಾಲಿನ ನಾಲ್ಕು ನಿಮಿಷ ಕೇಳಿದೆ.

ಮೊದಲ ಸಲ ನಾಚಿಕೆಯಿಂದ ಏನೂ ತಿಳಿಯಲಿಲ್ಲ. ಎರಡನೇ ಸಲ ಕೇಳಿತು: ದನಿ ಒರಟೇನಲ್ಲ, ದಪ್ಪ ಅಷ್ಟೇ. ಆ್ಯಕ್ಸೆಂಟ್ ಇದೆ, ಇರಲಿ, ಅದನ್ನು ನಾನು ಬಿಡುವುದಿಲ್ಲ, ಅಪ್ರೈಸಲ್ ಹಾಳೆಯಲ್ಲಿ ಅದಕ್ಕೆ ಜಾಗವೂ ಇಲ್ಲ ಅಂತ ಬರೆದು ಕೇಳಬೇಕು. ಆದರೆ ಮೂರನೇ ಸಲ ಇನ್ನೊಂದು ಕೇಳಿತು. ಪ್ರತಿ ವಾಕ್ಯದ ಕೊನೆಯ ಎರಡು ಶಬ್ದ ನಾನು ನುಂಗುತ್ತಿದ್ದೆ. ಯಾರೋ ಬಾಯಿ ಮುಚ್ಚಿಸುವ ಮೊದಲು ಮುಗಿಸಿಬಿಡಬೇಕು ಅನ್ನುವವಳ ಹಾಗೆ ಓಡುತ್ತಿದ್ದೆ. ‘ಈ ಬಿಲ್ಡಿನಲ್ಲಿ ಪೇಮೆಂಟ್ ತೊಂದರೆ ಇದೆ, ಬಿಡುಗಡೆ ಮಾಡಬೇಡಿ’ ಅಂತ ಹೇಳಬೇಕಾದ ಕಡೆ ‘ಮಾಡಬೇಡಿ’ ಅನ್ನುವುದು ಕೇಳುವುದೇ ಇಲ್ಲ. ಅತ್ತ ಕಡೆಯವರು ಎರಡು ಸಲ ‘ಸಾರಿ?’ ಅಂದಿದ್ದರು. ಆವತ್ತು ಅದು ನನ್ನ ಕಿವಿಗೆ ಬಿದ್ದಿರಲಿಲ್ಲ.

ಪ್ಲಾಟ್‌ಫಾರ್ಮಿನಲ್ಲಿ ಜನ ಕಡಿಮೆ. ಆ ಒಂದು ವಾಕ್ಯವನ್ನು ಮೆಲ್ಲಗೆ, ಕೊನೆಯ ಶಬ್ದದ ತನಕ, ಹೇಳಿ ನೋಡಿದೆ. ಇನ್ನೊಮ್ಮೆ. ಆಮೇಲೆ ಇನ್ನೂ ಸ್ವಲ್ಪ ದೊಡ್ಡದಾಗಿ. ಮೆಣಸಿನಕಾಯಿ ಚೀಲದ ಮೇಲೆ ಕೂತಿದ್ದ ಒಬ್ಬರು ಬೀಡಿ ಕೆಳಗಿಳಿಸಿ ನನ್ನತ್ತ ನೋಡಿದರು. ಡ್ರಾಫ್ಟ್ ಅಳಿಸಲಿಲ್ಲ, ಅದು ಈಗಲೂ ಇದೆ. ಮಾರ್ಚ್ ತನಕ ಇರಲಿ ಅಂತ ತಾರೀಖು ಮಾತ್ರ ಬದಲಿಸಿದೆ.

ಗಾಡಿಯ ದೀಪ ಸಂಶಿಯ ಕಡೆಯಿಂದ ಕಂಡಿತು. ಬೋಗಿ ತುಂಬಿತ್ತು. ಬಾಗಿಲಲ್ಲೇ ನಿಲ್ಲಬೇಕೇನೋ ಅಂದುಕೊಳ್ಳುತ್ತಿದ್ದಾಗ ಹಿಂದಿನಿಂದ ಮಧ್ಯಾಹ್ನದ ಟೀಚರ್ ದನಿ ಕೇಳಿತು. ನನಗಿಂತ ಮೊದಲೇ ಹತ್ತಿ ಕಿಟಕಿಯ ಬಳಿ ಜಾಗ ಹಿಡಿದಿದ್ದರು.

‘ಬರ್ರಿ, ಇಲ್ಲೇ ಸರಿದು ಕುಂದರ್ರಿ. ಏನ್ ಅದು, ಮಿರ್ಚಿ ಏನ್ರಿ?’