ಪಾಪ

ಶಹಾಡಿಗೆ ಬಂದು ಹನ್ನೊಂದು ವರ್ಷವಾಯಿತು. ಕಲ್ಯಾಣದಿಂದ ಕಸಾರಾ ಕಡೆಗೆ ಹೊರಟರೆ ಮೊದಲ ಸ್ಟೇಷನ್. ನಮ್ಮ ಪ್ರಾಜೆಕ್ಟಿನ ಗ್ರಾಹಕರು ಹಾಂಗ್‌ಕಾಂಗಿನವರು. ಅವರ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಹಾಗಾಗಿ ಬೆಳಗಿನ ಮೀಟಿಂಗನ್ನು ಎಷ್ಟೋ ಸಲ ಲೋಕಲ್‌ನಲ್ಲಿ ನಿಂತೇ ಮುಗಿಸಿದ್ದೇನೆ.

ಹೋದ ವರ್ಷ ಅಲ್ಲಿನ ಸಹೋದ್ಯೋಗಿಯೊಬ್ಬಳ ತಂದೆ ತೀರಿಕೊಂಡರು. ಇಂಗ್ಲಿಷಿನಲ್ಲಿ ‘ಸಾರಿ’ ಎಂದು ಎರಡು ಸಾಲು ಬರೆದೆ. ಸರ್ವರ್ ಕೈಕೊಟ್ಟಾಗಲೂ ನಾವು ಬರೆಯುವುದು ಅದೇ ‘ಸಾರಿ’. ಮನಸ್ಸು ಒಪ್ಪಲಿಲ್ಲ. ಅವಳ ತಂಡದ ಇನ್ನೊಬ್ಬನನ್ನು ಕೇಳಿದೆ, ನಿಮ್ಮ ಕ್ಯಾಂಟನೀಸಿನಲ್ಲಿ ಏನನ್ನುತ್ತೀರಿ ಎಂದು. ‘ಜಿಟ್ ಓಯ್ ಸನ್ ಬಿನ್’ ಎಂದ. ದುಃಖ ತಡೆದುಕೊಳ್ಳಿ, ಬದಲಾದದ್ದಕ್ಕೆ ಹೊಂದಿಕೊಳ್ಳಿ ಎಂದರ್ಥ. ಆ ಭಾಷೆಯಲ್ಲಿ ಸ್ವರದ ಏರಿಳಿತ ತಪ್ಪಿದರೆ ಅರ್ಥವೇ ಬೇರೆ. ಅದಕ್ಕೇ ಬಾಯಲ್ಲಿ ಹೇಳದೆ ಬರೆದು ಕಳಿಸಿದೆ. ‘ಯೌ ಸಮ್’ ಎಂದು ಉತ್ತರ ಬಂತು. ‘ನಿಮಗೆ ಹೃದಯವಿದೆ’ ಅಂತ. ಯಾರಾದರೂ ಕಷ್ಟ ವಿಚಾರಿಸಿದಾಗ ಅವರು ಹೇಳುವ ಮಾತಂತೆ.

ಅವನೇ ಇನ್ನೊಂದು ಹೇಳಿಕೊಟ್ಟ: ‘ಮೋ ಯಮ್ ಗುಂಗ್’. ಅಕ್ಷರಶಃ ‘ಗುಪ್ತ ಪುಣ್ಯವಿಲ್ಲ’. ಬಳಸುವುದು ಮಾತ್ರ ನಾವು ‘ಅಯ್ಯೋ ಪಾಪ’ ಅನ್ನುವ ಕಡೆಯಲ್ಲಿ. ನಾನು ದಂಗಾದೆ. ನಾವೂ ಕನಿಕರಕ್ಕೆ ಬಳಸುವುದು ಪಾಪವನ್ನೇ ಅಲ್ಲವೇ? ಅವರು ಪುಣ್ಯವಿಲ್ಲ ಅನ್ನುತ್ತಾರೆ, ನಾವು ಪಾಪ ಅನ್ನುತ್ತೇವೆ. ಲೆಕ್ಕ ಒಂದೇ.

ಇಷ್ಟೆಲ್ಲ ಕಲಿತವನು, ಎರಡು ತಿಂಗಳ ಹಿಂದೆ ನಮ್ಮ ಮಹಡಿಯ ಕಾಕಾ ಹೋದಾಗ ಬಾಯಿ ಕಟ್ಟಿ ಕುಳಿತೆ. ಹನ್ನೊಂದು ವರ್ಷದ ನನ್ನ ಮರಾಠಿ ತರಕಾರಿ, ರಿಕ್ಷಾ, ಸೊಸೈಟಿ ಮೀಟಿಂಗಿಗೆ ಸಾಕಾಗುತ್ತದೆ. ಸಾವಿಗೆ ಸಾಲಲಿಲ್ಲ. ಅರ್ಧ ಗಂಟೆ ಕೂತು ಎದ್ದೆ. ಎದ್ದವನು ರೂಢಿಯಿಂದ “ಯೇತೋ ಕಾಕೂ” ಅಂದುಬಿಟ್ಟೆ. ಬರ್ತೀನಿ ಅಂತ! ಸಾವಿನ ಮನೆಯಿಂದ ಹೊರಡುವಾಗ ಹಾಗೆ ಹೇಳಬಾರದು. ನಮ್ಮ ಹುಬ್ಬಳ್ಳಿ ಕಡೆಯೂ ಇಲ್ಲ, ಇಲ್ಲಿಯೂ ಇಲ್ಲ. ಹೆಂಡತಿ ಮೊಣಕೈಯಿಂದ ತಿವಿದಳು.

ಕಾಕು ತಲೆ ಎತ್ತಿ ನೋಡಿದರು. “ಯೇ ರೇ ಬಾಳಾ, ಯೇತ್ ಜಾ” ಅಂದರು. ಬಾರಪ್ಪ, ಬರ್ತಾ ಇರು ಅಂತ.

ಮನೆಗೆ ಬಂದ ಮೇಲೆ ಹೆಂಡತಿ, “ತಪ್ಪು ಮಾತಾಡಿದ್ರಿ, ಆದ್ರ ಅವರಿಗೆ ಬೇಕಾಗಿದ್ದು ಅದೇ ಇತ್ತೇನೋ” ಅಂದಳು.

ಹಾಂಗ್‌ಕಾಂಗಿಗೆ ನಾಲ್ಕು ಅಕ್ಷರ ಹುಡುಕಿ ಕಳಿಸಿದವನು, ಎದುರಿನ ಬಾಗಿಲಿಗೆ ಮತ್ತೆ ಹೋಗಿಲ್ಲ. ರಿಲೀಸ್ ಇತ್ತು, ಊರಿಗೆ ಹೋಗಿದ್ದೆ, ನೆಪ ಇದ್ದೇ ಇರುತ್ತವೆ. ಬರ್ತೀನಿ ಅಂದಿದ್ದು ನಾನೇ. ಈ ಭಾನುವಾರ ಹೋಗಬೇಕು.